ಮರಳಿಗೆ ಸೋಲದ ಗಾಡಿ

ಕುಂದಾಪುರದ ಕೋಡಿಯ ಮರಳಿನಲ್ಲಿ ಬಲೆ, ಹಗ್ಗ, ಐಸ್ ಪೆಟ್ಟಿಗೆ, ಸೀಮೆಎಣ್ಣೆ ಕ್ಯಾನು ಹೊತ್ತು ದೋಣಿಯವರೆಗೆ ನಡೆದವರಿಗೆ ಮಡಚುವ ಕೈಗಾಡಿಯ ಬೆಲೆ ಗೊತ್ತು. ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಚಕ್ರ. ಸಪೂರ ಚಕ್ರ ಗಂಗೊಳ್ಳಿ ಬಂದರಿನ ಕಾಂಕ್ರೀಟಿನ ಮೇಲೆ ಸಲೀಸಾಗಿ ಓಡುತ್ತದೆ, ಒಣ ಮರಳಿನಲ್ಲಿ ಹೂತುಹೋಗುತ್ತದೆ. ಗಾಳಿ ಕಡಿಮೆ ತುಂಬಿದ ಅಗಲ ಟೈರು ಭಾರವನ್ನು ಹರಡಿಕೊಂಡು ಮರಳಿನ ಮೇಲೆಯೇ ಸಾಗುತ್ತದೆ. ಎಂಥಾ ಚಂದದ ಉಪಾಯ!

ಉಪ್ಪುಗಾಳಿಗೆ ಕಬ್ಬಿಣದ ಕೀಲು ಬೇಗ ತುಕ್ಕು ಹಿಡಿಯುತ್ತದೆ. 316 ದರ್ಜೆಯ ಸ್ಟೀಲು ಬಾಳುತ್ತದೆ, ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪಿಗೆ ಜಗ್ಗದು. ತಳಕ್ಕೆ ಬಟ್ಟೆಗಿಂತ ಜಾಲರಿ ಲಾಯ್ಕ್, ನೀರೂ ಮರಳೂ ಸೋರಿಹೋಗುತ್ತವೆ.

ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಕಡಲಿಗಿಳಿಯುವುದು ನಾಡದೋಣಿ. ಆ ಮಳೆಯಲ್ಲಿ ಇಂಥ ಗಾಡಿ ಎಷ್ಟೋ ಹೆಗಲುಗಳಿಗೆ ಬಿಡುವು ಕೊಡುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಒದ್ದೆ ಕೈಯಿಂದ ಒಮ್ಮೆ ಮಡಚಿ ನೋಡಿ.