ಎಣ್ಣೆ ರೈಲಿನ ಹಾದಿಯಲ್ಲಿ

ದಕ್ಷಿಣ ಸ್ಪೇನ್‌ನ ಹಾಯೆನ್ ಪ್ರಾಂತ್ಯದಲ್ಲಿ ಆರು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. ಗುಡ್ಡದಾಚೆ ಗುಡ್ಡ, ಬಾಚಿಟ್ಟಂತೆ ಸಾಲುಸಾಲು. ಈ ಸೀಮೆಯ ಎಣ್ಣೆ ಹೊತ್ತು ಓಡಾಡುತ್ತಿದ್ದ ರೈಲು ನಿಂತುಹೋಯಿತು, ಹಳಿ ಕಿತ್ತರು, ಹಾದಿ ಉಳಿಯಿತು. ಈಗದು ಹಾಯೆನ್‌ನಿಂದ ಪುವೆಂತೆ ಹೆನಿಲ್‌ವರೆಗೆ ಸುಮಾರು 128 ಕಿಲೋಮೀಟರ್‌ಗಳ ಸೈಕಲ್ ದಾರಿ: ‘ವಿಯಾ ವೆರ್ದೆ ದೆಲ್ ಅಸೆಯ್ತೆ’, ಅಂದರೆ ಎಣ್ಣೆಯ ಹಸಿರುಹಾದಿ.

ಇದರ ಸೊಗಸೆಲ್ಲ ಏರಿನಲ್ಲಿದೆ. ಉಗಿಬಂಡಿಗೆ ಕಡಿದಾದ ಏರು ಆಗದೆಂದು ಹತ್ತೊಂಬತ್ತನೇ ಶತಮಾನದ ಎಂಜಿನಿಯರುಗಳು ಗುಡ್ಡ ಕೊರೆದರು, ಕಣಿವೆಗಳಿಗೆ ಕಬ್ಬಿಣದ ಸೇತುವೆ ಹಾಸಿದರು. ಆ ಶ್ರಮದ ಫಲ ಇವತ್ತು ನಮ್ಮ ಮೊಣಕಾಲಿಗೆ! ಗಂಟೆಗಟ್ಟಲೆ ತುಳಿದರೂ ಏರುತ್ತಿದ್ದೇವೆಂದೇ ತಿಳಿಯದು. ಗ್ವಾದಹೋಸ್ ನದಿಯ ಸೇತುವೆಯೊಂದೇ 200 ಮೀಟರ್ ದಾಟುತ್ತದೆ. ಅಲ್ಲಿ ಸೈಕಲ್ ನಿಲ್ಲಿಸದೆ ಮುಂದೆ ಹೋಗುವವರು ನನಗೆ ಅರ್ಥವಾಗುವುದಿಲ್ಲ.

ಊರುಗಳ ಮಾತು ಬೇರೆ. ಮಾರ್ತೋಸ್, ಲೂಕೆ, ಸುಎರೋಸ್ ಎಲ್ಲಕ್ಕೂ ಬೆನ್ನಿಗೊಂದು ಬಂಡೆ, ಬಂಡೆಯ ಮೇಲೊಂದು ಕೋಟೆ. ಸುಎರೋಸ್‌ನ ಸುಣ್ಣ ಬಳಿದ ಓಣಿಗಳಿಗೆ ಹಾದಿ ಬಿಟ್ಟು ಹತ್ತಬೇಕು; ರೈಲಿನ ಔದಾರ್ಯ ಅಲ್ಲಿಗೆ ಮುಗಿಯಿತು, ಸೈಕಲ್ ತಳ್ಳುವುದೇ ಸರಿ. ಬೇಸಿಗೆಯಲ್ಲಂತೂ ಈ ಸಾಹಸ ಬೇಡ, ಬಿಸಿಲು ಸುಟ್ಟುಹಾಕುತ್ತದೆ.

ಬೆಳಗಿನ ತಿಂಡಿಗೆ ಸುಟ್ಟ ಬ್ರೆಡ್ಡು, ತುರಿದ ಟೊಮೆಟೊ, ಮೇಲೆ ಧಾರಾಳವಾಗಿ ಎಣ್ಣೆ. ಇಲ್ಲಿನ ಪಿಕುವಾಲ್ ತಳಿಯ ಎಣ್ಣೆಗೆ ಸ್ವಲ್ಪ ಕಹಿ. ನುಂಗಿದ ಮೇಲೆ ಗಂಟಲಲ್ಲಿ ಮೆಣಸಿನಂಥ ಖಾರ.