ಕಲೆಯೂ ಉಳಿಯಲಿಲ್ಲವಂತೆ!

ಬೆಂಗಳೂರಿನಿಂದ ಬಂದ ತಂಗಿಯ ಮಗಳು ಬೆರಳುದ್ದದ ಕಂದು ಸೀಸೆಯೊಂದನ್ನು ನನ್ನ ಕೈಗಿಟ್ಟು, "ದೊಡ್ಡಮ್ಮ, ಇದು ಲ್ಯಾವೆಂಡರ್ ಎಣ್ಣೆ. ನಿದ್ದೆ ಬಾರದಿದ್ದರೆ ದಿಂಬಿಗೆ ಎರಡು ತೊಟ್ಟು, ಕೈ ಸುಟ್ಟರೆ ಸುಟ್ಟ ಜಾಗಕ್ಕೆ ಎರಡು ತೊಟ್ಟು" ಎಂದಳು. ಜೊತೆಗಿದ್ದ ಚೀಟಿಯಲ್ಲಿ ಕಥೆಯೂ ಇತ್ತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮಾರಿಸ್ ಗಾಟ್‌ಫೊಸೆ 1910ರಲ್ಲಿ ಪ್ರಯೋಗಾಲಯದಲ್ಲಿ ಕೈ ಸುಟ್ಟುಕೊಂಡನಂತೆ. ಉರಿ ತಾಳಲಾರದೆ ಪಕ್ಕದ ಪಾತ್ರೆಗೆ ಕೈ ಅದ್ದಿದನಂತೆ. ಅದರಲ್ಲಿದ್ದದ್ದು ಲ್ಯಾವೆಂಡರ್ ಎಣ್ಣೆಯಂತೆ. ಗಾಯ ಮಾಯ್ದು ಕಲೆಯೂ ಉಳಿಯಲಿಲ್ಲವಂತೆ!

ಮಕ್ಕಳು ಉತ್ತರಪತ್ರಿಕೆಯಲ್ಲಿ ಇಷ್ಟೊಂದು 'ಅಂತೆ' ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಆದರೆ ಅಚ್ಚಾಗಿ ಬಂದದ್ದನ್ನು ನಂಬುವುದು ನಮ್ಮಂಥ ಟೀಚರುಗಳ ಹಳೆಯ ಚಾಳಿ. ಒಂದು ಬೆಳಿಗ್ಗೆ ಒಗ್ಗರಣೆ ಸಿಡಿದು ಮುಂಗೈ ಸುಟ್ಟಿತು. ನಲ್ಲಿ ಮಾರು ದೂರದಲ್ಲಿದ್ದರೂ ಸೀಸೆ ಹುಡುಕಲು ಓಡಿದೆ. ಎಣ್ಣೆ ಸುರಿದೆ. ಸಂಜೆಯ ಹೊತ್ತಿಗೆ ಗುಳ್ಳೆಯೆದ್ದು ಸುತ್ತಲೂ ಕೆಂಪಗೆ ತುರಿಕೆ. "ಮೊದಲು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಕೈ ಹಿಡಿಯಬೇಕಲ್ಲವೇ ಟೀಚರ್?" ಎಂದರು ಡಾಕ್ಟರು. ಪಾಠ ಹೇಳುವವಳಿಗೇ ಪಾಠವಾಯಿತು.

ಆಮೇಲೆ ಹಟ ಹಿಡಿದು, ಆತ 1937ರಲ್ಲಿ ಪ್ರಕಟಿಸಿದ 'ಅರೋಮಾಥೆರಪಿ' ಪುಸ್ತಕದ ಇಂಗ್ಲಿಷ್ ಅನುವಾದ ತರಿಸಿ ಓದಿದೆ. ಅಲ್ಲಿ ಪಾತ್ರೆಯೇ ಇಲ್ಲ! ಸ್ಫೋಟವಾದಾಗ ಆತ ಹುಲ್ಲಿನ ಮೇಲೆ ಹೊರಳಾಡಿ ಬೆಂಕಿ ಆರಿಸಿಕೊಂಡ. ಆಮೇಲೆ ಕೈಗಳಿಗೆ ಗ್ಯಾಂಗ್ರೀನ್ ಹತ್ತಿದಾಗ ತಿಳಿದೇ ಲ್ಯಾವೆಂಡರ್ ಸತ್ವದಿಂದ ತೊಳೆದ, ಗುಣವಾಯಿತು ಎಂದು ಬರೆಯುತ್ತಾನೆ. ಸುಗಂಧದ್ರವ್ಯ ತಯಾರಿಸುವ ಮನೆತನದವನ ತಿಳಿವಳಿಕೆಯನ್ನು ಚೀಟಿ ಬರೆದವರು ಬರಿಯ ಅದೃಷ್ಟವಾಗಿಸಿದ್ದಾರೆ. ಏಕೆ? ತಿಳಿವಳಿಕೆಯನ್ನು ಕಷ್ಟಪಟ್ಟು ಗಳಿಸಬೇಕು. ಅದೃಷ್ಟ ಯಾರ ಅಡುಗೆಮನೆಗಾದರೂ ಬಂದೀತು, ಸೀಸೆ ಕೊಂಡರಾಯಿತು!

ಹಾಗೆಂದು ಆತನ ಬರಹವನ್ನೂ ಪೂರ್ತಿ ಒಪ್ಪಲಾರೆ. ಒಬ್ಬನ ಎರಡು ಕೈಗಳು ಗುಣವಾದದ್ದು ಅನುಭವವೇ ಹೊರತು ಪುರಾವೆಯಲ್ಲ. ಆದರೆ 1910ರಲ್ಲಿ ಪೆನಿಸಿಲಿನ್ ಇರಲಿಲ್ಲ. ಫ್ಲೆಮಿಂಗ್ ಅದನ್ನು ಕಂಡದ್ದು 1928ರಲ್ಲಿ. ಆ ಕಾಲದವನ ಹುಡುಕಾಟಕ್ಕೆ ಗೌರವ ಸಲ್ಲಲಿ. ಆತನ ಅನಿವಾರ್ಯ ನಮ್ಮ ಮನೆಮದ್ದಾಗಬೇಕಿಲ್ಲ.

ಪರಿಮಳದ ಮೇಲೆ ನನಗೆ ಮುನಿಸಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಶ್ರೀಗಂಧ ಸಾಗುವುದು ನಿಂತಾಗ, 1916ರಲ್ಲಿ ಇಲ್ಲಿಯೇ ಗಂಧದೆಣ್ಣೆ ತೆಗೆಯತೊಡಗಿದ ನಾಡಿನವಳು ನಾನು. ಆದರೆ ಹಬೆಯಲ್ಲಿ ಬಟ್ಟಿಯಿಳಿಸಿದ ಒಂದು ತೊಟ್ಟಿನಲ್ಲಿ ಎಷ್ಟೋ ಹೂವು, ಎಲೆಗಳ ಸತ್ವ ಅಡಗಿರುತ್ತದೆ. ಸುವಾಸನೆ ಇದ್ದ ಮಾತ್ರಕ್ಕೆ ಅದು ಸಾಧುವಲ್ಲ. ನೀಲಗಿರಿ ಎಣ್ಣೆಯನ್ನು ಒಂದು ಟೀ ಚಮಚದಷ್ಟು ಕುಡಿದರೂ ಮಗುವಿಗೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ನಮ್ಮಜ್ಜಿ ಶೀತವಾದಾಗ ಕರವಸ್ತ್ರಕ್ಕೆ ಒಂದೇ ತೊಟ್ಟು ಹಾಕಿ ದೂರದಿಂದ ಮೂಸಿಸುತ್ತಿದ್ದಳು. ಸೀಸೆ ಮಾತ್ರ ನಮಗೆಟುಕದ ಗೂಡಿನಲ್ಲಿ. ಚೀಟಿ ಓದಲು ಬಾರದ ಅಜ್ಜಿಗೆ ಅಳತೆ ಗೊತ್ತಿತ್ತು.

ಆ ಕಂದು ಸೀಸೆ ಈಗಲೂ ನನ್ನ ಬಳಿ ಇದೆ. ಕೆಲವು ರಾತ್ರಿ ದಿಂಬಿನಂಚಿಗೆ ಒಂದು ತೊಟ್ಟು ಹಾಕುತ್ತೇನೆ. ನಿದ್ದೆ ಬಂದರೆ ಬರಲಿ, ಇಲ್ಲದಿದ್ದರೆ ಕತ್ತಲೆಯಲ್ಲಿ ಹೂವಿನ ಜೊತೆಯಾದರೂ ಇರುತ್ತದೆ. ಅಷ್ಟು ಸಾಕು. ಕಥೆಯಲ್ಲಿ ಉಳಿಯದ ಆ ಕಲೆ ಮಾತ್ರ ನನ್ನ ಮುಂಗೈಯ ಮೇಲೆ ಉಳಿದಿದೆ. ಒಗ್ಗರಣೆ ಹಾಕುವಾಗಲೆಲ್ಲ ಅದನ್ನು ನೋಡುತ್ತೇನೆ, ನಲ್ಲಿ ಎಲ್ಲಿದೆಯೆಂಬುದನ್ನೂ.