ಸೊನ್ನೆಯಿಲ್ಲದೆ ಬಂದ ದೂರು

ಪ್ರಯೋಗಾಲಯದ ಒಳ್ಳೆಯ ಸ್ಪೆಕ್ಟ್ರೋಮೀಟರ್ ಎರಡು ಮೂರು ದಶಕ ಬಾಳುತ್ತದೆ. ಅದನ್ನು ನಡೆಸುವ ಕಂಪ್ಯೂಟರ್ ಅಷ್ಟು ದಿನ ಬಾಳುವುದಿಲ್ಲ. ವಿಂಡೋಸ್ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟಿತು. 64 ಬಿಟ್ ವಿಂಡೋಸ್ ಅಂತೂ 16 ಬಿಟ್ ಪ್ರೋಗ್ರಾಮ್‌ಗಳನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ಹೀಗಿದ್ದೂ ಗಟ್ಟಿಮುಟ್ಟಾದ ಉಪಕರಣವನ್ನು ಗುಜರಿಗೆ ಹೋಗಗೊಡದವರ ಜಾಣ್ಮೆ ನನಗೆ ಬಲು ಇಷ್ಟ.

ಅವರು ಬಿಡಿಸಿದ ಒಗಟುಗಳಲ್ಲಿ ನನ್ನ ಮೆಚ್ಚಿನದು ‘ರನ್‌ಟೈಮ್ ಎರರ್ 200’. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಮ್‌ಗಳು ಶುರುವಾಗುತ್ತಲೇ ಕಂಪ್ಯೂಟರಿನ ವೇಗ ಅಳೆಯುತ್ತಿದ್ದವು: ಸುಮಾರು 55 ಮಿಲಿಸೆಕೆಂಡಿನಲ್ಲಿ ಒಂದು ಲೂಪ್ ಎಷ್ಟು ಸುತ್ತು ಹೊಡೆಯಿತೆಂದು ಎಣಿಸಿ, ಅದನ್ನು 55ರಿಂದ ಭಾಗಿಸುವುದು. ಸುಮಾರು 200 ಮೆಗಾಹರ್ಟ್ಸ್ ಮುಟ್ಟಿದ ಪ್ರೊಸೆಸರ್‌ಗಳು ಬಂದವು ನೋಡಿ, ಭಾಗಲಬ್ಧ 16 ಬಿಟ್‌ನಲ್ಲಿ ಹಿಡಿಸದಾಯಿತು. ಇಂಟೆಲ್ ಚಿಪ್‌ಗೆ ಈ ತುಂಬಿ ಹರಿಯುವಿಕೆಯೂ ಸೊನ್ನೆಯಿಂದ ಭಾಗಿಸುವುದೂ ಒಂದೇ ತಪ್ಪು. ಹಾಗಾಗಿ ಸೊನ್ನೆಯೇ ಇಲ್ಲದ ಕಡೆ ‘ಸೊನ್ನೆಯಿಂದ ಭಾಗಿಸಿದಿರಿ’ ಎಂಬ ದೂರು, ಅದೇ ಎರರ್ 200! ಸೋರ್ಸ್ ಕೋಡ್ ಸಿಗದಿದ್ದರೂ ಜನ ಬಿಡಲಿಲ್ಲ. ಪ್ರೋಗ್ರಾಮ್ ಫೈಲಿನೊಳಗೇ ಕೈಹಾಕಿ ಕೆಲವು ಬೈಟ್ ತಿದ್ದಿದರು. ಇಲ್ಲವೇ ಹಳೆ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಕೂರಿಸಿ ವೇಗ ತಗ್ಗಿಸಿದರು.

ಸೀರಿಯಲ್ ಕೇಬಲ್ಲಿನ ಉಪಕರಣವಾದರೆ ಯುಎಸ್‌ಬಿ ಅಡಾಪ್ಟರ್ ಬಹುಮಟ್ಟಿಗೆ ಸಾಕು. ಕಂಪ್ಯೂಟರಿನೊಳಗೆ ಕೂರಿಸುವ ಹಳೆ ಐಎಸ್‌ಎ ಕಾರ್ಡ್ ಬೇಡುವಂಥದ್ದಕ್ಕೆ ಆ ಉಪಾಯ ಸಾಲದು, ಈಗಿನ ಮದರ್‌ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಆ ಸ್ಲಾಟೇ ಇರುವುದಿಲ್ಲ. ಅಲ್ಲಿ ಹಳೆ ಪೆಟ್ಟಿಗೆಯನ್ನೇ ನೆಟ್‌ವರ್ಕ್‌ನಿಂದ ಬಿಡಿಸಿ, ಹಾರ್ಡ್‌ಡಿಸ್ಕಿನ ಪೂರ್ತಿ ನಕಲು ತೆಗೆದಿಟ್ಟು, ಉಬ್ಬಿದ ಕೆಪ್ಯಾಸಿಟರ್‌ಗಳನ್ನು ಬೆಸುಗೆ ಬಿಡಿಸಿ ಬದಲಿಸುತ್ತಾರೆ.